ಲೆಕ್ಕಕ್ಕೆ ಬಾರದ ಜ್ವರ

2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ನಿರ್ದೇಶಕರಾಗಿದ್ದ ರಾಬರ್ಟ್ ರೆಡ್‌ಫೀಲ್ಡ್ ಸುದ್ದಿಸಂಸ್ಥೆಯೊಂದಕ್ಕೆ ಒಂದು ಅಂಕಿ ಹೇಳಿದರು. ಹಿಂದಿನ ಚಳಿಗಾಲದಲ್ಲಿ ಫ್ಲೂನಿಂದ ಸತ್ತ ಅಮೆರಿಕನ್ನರು 80,000 ಎಂಬುದು ಅವರ ಮಾತು. ಮರುದಿನ ಲೋಕದ ಪತ್ರಿಕೆಗಳಲ್ಲೆಲ್ಲ ಅದೇ ತಲೆಬರಹ. ಮುಂದಿನ ವರ್ಷ ಅದೇ ಸಂಸ್ಥೆ ಆ ಸಂಖ್ಯೆಯನ್ನು 61,000ಕ್ಕೆ ಇಳಿಸಿತು. ಆಮೇಲೆ ಇನ್ನೊಮ್ಮೆ ಪರಿಷ್ಕರಿಸಿದಾಗ ಅದು 52,000ದ ಆಸುಪಾಸಿಗೆ ಬಂತು. ದಿನ ಕಳೆದಂತೆ ಸತ್ತವರ ಸಂಖ್ಯೆ ಏರುವುದನ್ನು ಜನ ಕಂಡಿದ್ದಾರೆ. ಇಳಿಯುವುದು ಹೇಗೆ?

ಯಾರೂ ಯಾವ ಹೆಸರನ್ನೂ ಪಟ್ಟಿಯಿಂದ ಹೊಡೆದುಹಾಕಿರಲಿಲ್ಲ, ಏಕೆಂದರೆ ಅಂಥ ಪಟ್ಟಿಯೇ ಇರಲಿಲ್ಲ. ಅಷ್ಟು ದೊಡ್ಡ ದೇಶದಲ್ಲಿ ಫ್ಲೂ ತಗುಲಿ ಆಸ್ಪತ್ರೆ ಸೇರಿದವರನ್ನೆಲ್ಲ ಒಬ್ಬೊಬ್ಬರಾಗಿ ಎಣಿಸುವ ವ್ಯವಸ್ಥೆ ಆಗ ಅಲ್ಲಿಯೂ ಇರಲಿಲ್ಲ. ಇದ್ದದ್ದು ಫ್ಲೂಸರ್ವ್-ನೆಟ್ ಎಂಬ ಜಾಲ. 2003ರಲ್ಲಿ ಮಕ್ಕಳಿಂದ ಆರಂಭವಾಗಿ, ಎರಡು ವರ್ಷದ ಬಳಿಕ ದೊಡ್ಡವರನ್ನೂ ಸೇರಿಸಿಕೊಂಡ ಈ ಜಾಲ ಕೆಲವು ರಾಜ್ಯಗಳ ಆಯ್ದ ಕೌಂಟಿಗಳಲ್ಲಿ, ದೇಶದ ಜನಸಂಖ್ಯೆಯ ಸುಮಾರು ಶೇ 9ರಷ್ಟು ಮಂದಿಯ ಮೇಲೆ ಮಾತ್ರ ಕಣ್ಣಿಟ್ಟಿದೆ. ಅಲ್ಲಿನ ಆಸ್ಪತ್ರೆಗಳಲ್ಲಿ ಪರೀಕ್ಷೆಯಿಂದ ಖಚಿತವಾದ ರೋಗಿಗಳ ಕಡತಗಳನ್ನು ಓದಿ ಎಣಿಸುತ್ತಾರೆ. ಉಳಿದದ್ದು ಗಣಿತ. ದಾಖಲಾದವರಲ್ಲಿ ಎಷ್ಟು ಮಂದಿಗೆ ಪರೀಕ್ಷೆ ಮಾಡಲೇ ಇಲ್ಲ? ಪರೀಕ್ಷೆ ಮಾಡಿದರೂ ವೈರಾಣು ಇದ್ದೂ ಇಲ್ಲವೆಂದು ಬಂದ ವರದಿಗಳೆಷ್ಟು? ಆಸ್ಪತ್ರೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಸತ್ತವರೆಷ್ಟು? ಈ ಪ್ರಶ್ನೆಗಳ ಉತ್ತರ ಕೈಗೆ ಬರಲು ಒಂದೆರಡು ವರ್ಷ ಬೇಕಾಗುತ್ತದೆ. ಬಂದಾಗಲೆಲ್ಲ ಅಂದಾಜು ಬದಲಾಗುತ್ತದೆ. ತನ್ನ ಸಂಖ್ಯೆಯನ್ನು ತಾನೇ ಬಹಿರಂಗವಾಗಿ ತಿದ್ದಿಕೊಳ್ಳುವ ಸಂಸ್ಥೆಯ ಮೇಲೆ ನಂಬಿಕೆ ಹೆಚ್ಚಬೇಕೇ ಹೊರತು ಕಡಿಮೆಯಾಗಬೇಕಿಲ್ಲ. ಆದರೆ ಜನರ ನೆನಪಿನಲ್ಲಿ ಉಳಿದದ್ದು 80,000 ಮಾತ್ರ.

ಋತುಮಾನದ ಜ್ವರಕ್ಕೆ ಸಂಬಂಧಿಸಿ ಎರಡು ಲೆಕ್ಕಗಳಿವೆ. ಒಂದು, ಪರೀಕ್ಷೆ ಮಾಡಿ, ಹೆಸರು ಬರೆದು ಎಣಿಸಿದ್ದು. ಇನ್ನೊಂದು, ಬೇರೆ ಬೇರೆ ದಾಖಲೆಗಳಿಂದ ಅಂದಾಜಿಸಿದ್ದು. ಎರಡೂ ಬೇಕು, ಎರಡನ್ನೂ ಬೇರೆಬೇರೆಯಾಗಿಯೇ ಇಡಬೇಕು. ಭಾರತದಲ್ಲಿ ಮೊದಲನೆಯದು ಅಷ್ಟಿಷ್ಟು ನಡೆದಿದೆ. ಎರಡನೆಯದು ಸಾಮಾನ್ಯ ಓದುಗರ ತನಕ ಬಂದೇ ಇಲ್ಲ. ಹೀಗಾಗಿ ಸಣ್ಣ ಸಂಖ್ಯೆಯನ್ನೇ ಪೂರ್ಣಸತ್ಯವೆಂದು ನಂಬಿ, ಫ್ಲೂ ಎಂದರೆ ನಾಲ್ಕು ದಿನದ ನೆಗಡಿ-ಕೆಮ್ಮು ಎಂದುಕೊಂಡು ಕೂತಿದ್ದೇವೆ. ಈ ಉಪನ್ಯಾಸದ ವಾದ ಇಷ್ಟೆ.

ಎರಡನೆಯ ಲೆಕ್ಕದ ದಾರಿ ತೋರಿಸಿದವರಲ್ಲಿ ಮೊದಲಿಗರು ಲಂಡನ್ನಿನ ವಿಲಿಯಂ ಫಾರ್. 1807ರಲ್ಲಿ ಹುಟ್ಟಿದ ಫಾರ್ ವೈದ್ಯಕೀಯ ಓದಿದವರು, ಆದರೆ ಬದುಕೆಲ್ಲ ಕಳೆದದ್ದು ಜನನ-ಮರಣ ನೋಂದಣಿಯ ಕಚೇರಿಯಲ್ಲಿ. ಲಂಡನ್ನಿನಲ್ಲಿ ಪ್ರತಿ ವಾರ ಸತ್ತವರ ಪಟ್ಟಿ ಅವರ ಮೇಜಿಗೆ ಬರುತ್ತಿತ್ತು. 1847ರ ಕೊನೆಯಲ್ಲಿ ನಗರಕ್ಕೆ ಫ್ಲೂ, ಅಂದರೆ ಇನ್‌ಫ್ಲುಯೆಂಜಾ ಬಡಿಯಿತು. ಪಟ್ಟಿಯಲ್ಲಿ ಆ ಹೆಸರಿನಡಿ ಬರೆದ ಸಾವುಗಳು ಒಂದು ಪಾಲು ಮಾತ್ರ. ಅದೇ ವಾರಗಳಲ್ಲಿ ಬ್ರಾಂಕೈಟಿಸ್, ನ್ಯುಮೋನಿಯಾ, ಆಸ್ತಮಾಗಳ ಕಾಲಂಗಳೂ ಒಟ್ಟಿಗೆ ಉಬ್ಬಿದ್ದವು. ಫಾರ್ ಮಾಡಿದ ಕೆಲಸ ಸರಳ. ಹಿಂದಿನ ವರ್ಷಗಳಲ್ಲಿ ಇದೇ ಕಾಲಕ್ಕೆ ಸರಾಸರಿ ಎಷ್ಟು ಜನ ಸಾಯುತ್ತಿದ್ದರು ಎಂದು ನೋಡಿ, ಈ ಸಲದ ಒಟ್ಟು ಸಾವಿನಿಂದ ಅದನ್ನು ಕಳೆದರು. ಉಳಿದದ್ದು ಸುಮಾರು 5,000. ಇನ್‌ಫ್ಲುಯೆಂಜಾ ವೈರಾಣುವನ್ನು ಮನುಷ್ಯರಲ್ಲಿ ಗುರುತಿಸಿದ್ದು 1933ರಲ್ಲಿ. ಅದಕ್ಕೆ 86 ವರ್ಷ ಮೊದಲೇ, ರೋಗದ ಮೂಲ ಏನೆಂದೇ ತಿಳಿಯದ ಗುಮಾಸ್ತರ ಕಚೇರಿಯೊಂದು ಅದು ಕೊಂದವರ ಅಳತೆ ಹಿಡಿದಿತ್ತು. ಇದನ್ನೇ ಇಂದು ಅಧಿಕ ಮರಣ ಎನ್ನುತ್ತಾರೆ. ಸಿಡಿಸಿಯ ರಾಬರ್ಟ್ ಸರ್ಫ್ಲಿಂಗ್ 1963ರಲ್ಲಿ ಇದಕ್ಕೆ ಋತುಚಕ್ರದ ಗಣಿತವನ್ನು ಜೋಡಿಸಿದರು. ಈಗಿನ ಮಾದರಿಗಳೆಲ್ಲ ಇವೆರಡರ ಮಕ್ಕಳು ಮೊಮ್ಮಕ್ಕಳು.

ಭಾರತಕ್ಕೆ ಈ ಪಾಠ 1918ರಲ್ಲಿ ಸಿಕ್ಕಿತು, ತೆತ್ತ ಬೆಲೆ ಮಾತ್ರ ಘೋರ. ಆ ವರ್ಷದ ಜೂನ್‌ನಲ್ಲಿ ಮುಂಬಯಿ ಬಂದರಿನ ಮೂಲಕ ಒಳನುಗ್ಗಿದ ಇನ್‌ಫ್ಲುಯೆಂಜಾ ಸೆಪ್ಟೆಂಬರ್ ಹೊತ್ತಿಗೆ ಮಾರಿಯಾಗಿ ತಿರುಗಿತು. ಹಳ್ಳಿಗಳಲ್ಲಿ ಸಾವು ಬರೆದುಕೊಳ್ಳುತ್ತಿದ್ದವರು ಊರ ಕಾವಲುಗಾರರು, ಪಟೇಲರು. ಅವರ ಪುಸ್ತಕದಲ್ಲಿ ಕಾಲರಾ, ಸಿಡುಬು, ಪ್ಲೇಗು, ಜ್ವರ ಹೀಗೆ ಕೆಲವೇ ಕಾಲಂಗಳಿದ್ದವು. ಲಕ್ಷಾಂತರ ಸಾವು ‘ಜ್ವರ’ದ ಕಾಲಂಗೆ ಹೋಗಿ ಬಿತ್ತು. ಬರೆಯುವವರೇ ಮಲಗಿದ, ಸತ್ತ ಊರುಗಳಲ್ಲಿ ಅದೂ ಆಗಲಿಲ್ಲ. ಭಾರತ ಸರ್ಕಾರದ ಸ್ಯಾನಿಟರಿ ಕಮಿಷನರ್ ಆಗಿದ್ದ ನಾರ್ಮನ್ ವೈಟ್ ತಮ್ಮ ಪ್ರಾಥಮಿಕ ವರದಿಯಲ್ಲಿ ಸುಮಾರು 60 ಲಕ್ಷವೆಂದು ಅಂದಾಜಿಸಿದರು. ಮೂರು ವರ್ಷಕ್ಕೆ ಜನಗಣತಿ ಬಂದಾಗ ಆ ಸಂಖ್ಯೆ ನಿಲ್ಲಲಿಲ್ಲ. ಇಂದಿನ ಭಾರತದ ಗಡಿಯೊಳಗಿನ ಜನಸಂಖ್ಯೆ 1911ರಲ್ಲಿ 25.21 ಕೋಟಿ ಇದ್ದದ್ದು 1921ರಲ್ಲಿ 25.13 ಕೋಟಿಗೆ ಇಳಿದಿತ್ತು. ಭಾರತದ ಜನಗಣತಿಯ ಚರಿತ್ರೆಯಲ್ಲಿ ಜನಸಂಖ್ಯೆ ಇಳಿದ ದಶಕ ಇದೊಂದೇ. ಜನಸಂಖ್ಯಾ ತಜ್ಞ ಕಿಂಗ್‌ಸ್ಲಿ ಡೇವಿಸ್ 1951ರಲ್ಲಿ ಸಾವಿನ ಸಂಖ್ಯೆಯನ್ನು 1.85 ಕೋಟಿ ಎಂದರು. ಇಯಾನ್ ಮಿಲ್ಸ್ 1986ರಲ್ಲಿ 1.7 ಕೋಟಿ ಎಂದರು. 2012ರ ಇನ್ನೊಂದು ಅಧ್ಯಯನ ಬ್ರಿಟಿಷ್ ಆಡಳಿತದ ಜಿಲ್ಲೆಗಳಿಗಷ್ಟೇ ಸುಮಾರು 1.39 ಕೋಟಿ ಎಂದಿತು. ಅತಿ ಕಡಿಮೆಗೂ ಅತಿ ಹೆಚ್ಚಿಗೂ ನಡುವೆ ಒಂದು ಕೋಟಿಗೂ ಮೀರಿದ ಅಂತರ. ಅಷ್ಟು ಜನ ಎಲ್ಲಿ, ಯಾವ ವಾರ, ಯಾವ ವಯಸ್ಸಿನಲ್ಲಿ ಸತ್ತರೆಂಬುದು ಇನ್ನೆಂದೂ ತಿಳಿಯುವುದಿಲ್ಲ.

ನೂರು ವರ್ಷದ ಬಳಿಕದ ಸ್ಥಿತಿ ಅದಕ್ಕಿಂತ ಎಷ್ಟೋ ಮೇಲು. 2004ರಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ಬಂತು. 2009ರಲ್ಲಿ ಎಚ್1ಎನ್1 ಎಂಬ ಫ್ಲೂ ತಳಿ ಬಂದು, ಆಗಸ್ಟ್ ಮೊದಲ ವಾರ ಪುಣೆಯಲ್ಲಿ ದೇಶದ ಮೊದಲ ಸಾವು ಸಂಭವಿಸಿದಾಗಿನಿಂದ ರಾಜ್ಯವಾರು ಪ್ರಕರಣ ಮತ್ತು ಸಾವಿನ ಪಟ್ಟಿ ವರ್ಷ ತಪ್ಪದೆ ಸಿಗುತ್ತಿದೆ. ಜನರ ಬಾಯಲ್ಲಿ ಅದು ‘ಹಂದಿಜ್ವರ’ದ ಲೆಕ್ಕ. ದೇಶದಲ್ಲಿ 2015ರಲ್ಲಿ 42,592 ಪ್ರಕರಣ, 2,990 ಸಾವು. 2018ರಲ್ಲಿ 15,266 ಪ್ರಕರಣ, 1,128 ಸಾವು. ಇವನ್ನು ಭಾಗಿಸಿ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ನೂರಕ್ಕೆ ಏಳು ಮಂದಿ!

ಈ ಏಳನ್ನು ವೈರಾಣುವಿನ ಬಲವೆಂದು ಓದಿದರೆ ತಪ್ಪಾಗುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಸಾಧಾರಣ ಜ್ವರದ ‘ಎ’ಗೆ, ಅಪಾಯದ ಅಂಚಿನ ‘ಬಿ’ಗೆ ಪರೀಕ್ಷೆ ಬೇಡ. ಉಸಿರಾಟಕ್ಕೆ ತೊಂದರೆಯಾಗಿ ಆಸ್ಪತ್ರೆಗೆ ಸೇರಲೇಬೇಕಾದ ‘ಸಿ’ಗೆ ಮಾತ್ರ ಪರೀಕ್ಷೆ. ಮನೆಯಲ್ಲೇ ಗಂಜಿ ಕುಡಿದು ಗುಣವಾದ ಲಕ್ಷಾಂತರ ಜನ ಭಾಜಕದೊಳಗೆ ಬರುವುದೇ ಇಲ್ಲ. ಪರೀಕ್ಷೆಯ ಪದ್ಧತಿ ಬದಲಾದರೆ ‘ಮರಣ ಪ್ರಮಾಣ’ವೂ ಬದಲಾಗುತ್ತದೆ ಎಂಬುದಕ್ಕೆ ಅದೇ ಪಟ್ಟಿಯೊಳಗೆ ಸಾಕ್ಷಿಯಿದೆ. 2015ರಲ್ಲಿ ಮಹಾರಾಷ್ಟ್ರದಲ್ಲಿ 8,583 ಪ್ರಕರಣಕ್ಕೆ 905 ಸಾವು, ಅಂದರೆ ಶೇ 10.5. ಕರ್ನಾಟಕದಲ್ಲಿ 3,565 ಪ್ರಕರಣಕ್ಕೆ 94 ಸಾವು, ಶೇ 2.6. ಗಡಿ ದಾಟುತ್ತಿದ್ದಂತೆ ವೈರಾಣು ಸೌಮ್ಯವಾಗಲು ಕಾರಣವಿಲ್ಲ. ಕರ್ನಾಟಕವೊಂದನ್ನೇ ನೋಡಿದರೂ 2017ರಲ್ಲಿ 3,260 ಪ್ರಕರಣಕ್ಕೆ 15 ಸಾವು, ಮರುವರ್ಷ 1,733 ಪ್ರಕರಣಕ್ಕೆ 87. ಪ್ರಕರಣ ಅರ್ಧಕ್ಕಿಳಿದು ಸಾವು ಆರು ಪಟ್ಟಾಯಿತೇ? ಅಥವಾ ಯಾರಿಗೆ ಪರೀಕ್ಷೆ, ಯಾವ ಸಾವು ಪಟ್ಟಿಗೆ ಎಂಬ ತೀರ್ಮಾನ ಬದಲಾಯಿತೇ? ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಇದ್ದು, ಒಟ್ಟು ಎಷ್ಟು ಮಂದಿಯ ಗಂಟಲು ದ್ರವ ಪರೀಕ್ಷಿಸಲಾಯಿತು ಎಂದು ಅದರಲ್ಲಿ ಬರೆದಿದ್ದರೆ ಈ ಪ್ರಶ್ನೆಗೆ ನಿಂತಲ್ಲೇ ಉತ್ತರ ಸಿಗುತ್ತಿತ್ತು.

ಇನ್ನೊಂದು ಸಂಗತಿಯೂ ಇದೆ. ಈ ಪಟ್ಟಿ ಎಚ್1ಎನ್1ಗೆ ಸೀಮಿತ. ಅದರ ಜೊತೆಜೊತೆಗೇ ಸುತ್ತುವ ಎಚ್3ಎನ್2, ಇನ್‌ಫ್ಲುಯೆಂಜಾ ಬಿ ಬಹುಕಾಲ ಇದರ ಹೊರಗೇ ಉಳಿದವು. ವಯಸ್ಸಾದವರನ್ನು ಹೆಚ್ಚು ಕಾಡುವುದು ಎಚ್3ಎನ್2.

ಈಗ ಒಂದು ಕಾಗದವನ್ನು ಹತ್ತಿರದಿಂದ ನೋಡಬೇಕು. ಜನನ ಮರಣ ನೋಂದಣಿ ಕಾಯ್ದೆಯಡಿ ಆಸ್ಪತ್ರೆಯಲ್ಲಿ ಸಂಭವಿಸಿದ ಪ್ರತಿ ಸಾವಿಗೂ ವೈದ್ಯರು ನಮೂನೆ 4ನ್ನು ತುಂಬಬೇಕು. ಮನೆಯ ಸಾವಿಗೆ, ನೋಡಿಕೊಂಡ ವೈದ್ಯರಿದ್ದರೆ, ನಮೂನೆ 4ಎ. ಅದರಲ್ಲಿ ಸಾವಿನ ಕಾರಣಕ್ಕೆಂದೇ ಮೂರು ಸಾಲುಗಳಿವೆ. ಮೊದಲ ಸಾಲಿನಲ್ಲಿ ತಕ್ಷಣದ ಕಾರಣ, ಎರಡನೆಯದರಲ್ಲಿ ಅದಕ್ಕೆ ದಾರಿ ಮಾಡಿದ್ದು, ಮೂರನೆಯದರಲ್ಲಿ ಎಲ್ಲಕ್ಕೂ ಮೂಲ. ಪಕ್ಕದಲ್ಲಿ, ರೋಗ ಶುರುವಾಗಿ ಸಾವಿನ ತನಕ ಕಳೆದ ಕಾಲ. ಕೆಳಗೆ ಎರಡನೇ ಭಾಗದಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ.ಯಂಥ ಜೊತೆಗಾರ ರೋಗಗಳು. ಫ್ಲೂ ಸಾವೊಂದನ್ನು ಸರಿಯಾಗಿ ಬರೆದರೆ ಎಆರ್‌ಡಿಎಸ್, ಒಂದು ದಿನ. ನ್ಯುಮೋನಿಯಾ, ನಾಲ್ಕು ದಿನ. ಇನ್‌ಫ್ಲುಯೆಂಜಾ, ಒಂಬತ್ತು ದಿನ ಎಂದಾಗುತ್ತದೆ. ಮೂರನೆಯ ಸಾಲು ತುಂಬಿದ್ದರೆ ಆ ಸಾವಿಗೆ ಅಂತರರಾಷ್ಟ್ರೀಯ ಸಂಕೇತಪಟ್ಟಿಯಲ್ಲಿ ಫ್ಲೂನ ಸಂಖ್ಯೆ ಬೀಳುತ್ತದೆ. ಎರಡಕ್ಕೇ ನಿಲ್ಲಿಸಿದರೆ ಅದು ಬರಿಯ ನ್ಯುಮೋನಿಯಾ. ಸಾಯುವ ಬಗೆಯನ್ನು ಬರೆಯಬೇಡಿ, ಕಾರಣವನ್ನು ಬರೆಯಿರಿ ಎಂದು ನಮೂನೆಯಲ್ಲೇ ಸೂಚನೆಯಿದ್ದರೂ ‘ಹೃದಯ ಸ್ತಂಭನ’ ಎಂದಷ್ಟೇ ಬರೆದು ಸಹಿ ಹಾಕುವ ಅಭ್ಯಾಸ ದೇಶದುದ್ದಕ್ಕೂ ಇದೆ. ನಡುರಾತ್ರಿ, ಹೊರಗೆ ಅಳುತ್ತ ನಿಂತ ಮನೆಯವರು, ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬ ರೋಗಿ. ಡ್ಯೂಟಿಯಲ್ಲಿರುವ ಎಳೆಯ ವೈದ್ಯರನ್ನು ದೂರಿ ಫಲವಿಲ್ಲ. ಎಂಬಿಬಿಎಸ್ ಓದಿನ ಐದೂವರೆ ವರ್ಷದಲ್ಲಿ ಈ ಕಾಗದವನ್ನು ಅವರ ಕೈಗಿಟ್ಟು ತಿದ್ದಿ ತೀಡಿ ಕಲಿಸಿದರೆ ಮಾತ್ರ ಇದು ಸರಿಹೋಗುತ್ತದೆ.

ಅದೂ ವೈದ್ಯರು ಕಾರಣ ಬರೆದ ಸಾವುಗಳ ಮಾತಾಯಿತು. 2020ರಲ್ಲಿ ಭಾರತದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯಕೀಯ ಪ್ರಮಾಣಪತ್ರವಿದ್ದದ್ದು ಶೇ 22.5ಕ್ಕೆ ಮಾತ್ರ. ಉಳಿದವುಗಳ ಕಾರಣ ಮನೆಯವರು ಹೇಳಿದ್ದು: ವಯಸ್ಸಾಗಿತ್ತು, ದಮ್ಮು ಇತ್ತು, ಎದೆನೋವು ಬಂತು. ಎದೆನೋವಿನ ಹಿಂದೆಯೂ ಫ್ಲೂ ಇರಬಹುದು. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಆರು ಪಟ್ಟು ಹೆಚ್ಚುತ್ತದೆಂದು ತೋರಿಸಿದೆ. ಆ ಸಾವು ಹೃದ್ರೋಗದ ಖಾತೆಗೆ ಹೋಗುತ್ತದೆ. ಗಂಟಲು ದ್ರವ ತೆಗೆಯಬೇಕೆಂದು ಯಾರಿಗೂ ಹೊಳೆದಿರುವುದಿಲ್ಲ.

ಇಂಥ ಮರೆಯಾದ ಸಾವುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಎಷ್ಟಾದೀತು? 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಕೈಹಾಕಿತು. ಮರಣ ಪ್ರಮಾಣಪತ್ರಗಳ ದತ್ತಾಂಶವನ್ನೂ ಇನ್‌ಫ್ಲುಯೆಂಜಾ ಪ್ರಯೋಗಾಲಯಗಳ ವರದಿಗಳನ್ನೂ ಒಟ್ಟಿಗಿಟ್ಟು, 2010ರಿಂದ 2013ರವರೆಗೆ ಭಾರತದಲ್ಲಿ ಫ್ಲೂಗೆ ಸಂಬಂಧಿಸಿದ ಶ್ವಾಸಕೋಶ ಮತ್ತು ರಕ್ತಪರಿಚಲನೆಯ ಸಾವುಗಳು ವರ್ಷಕ್ಕೆ 1,27,092 ಎಂದು ಅಂದಾಜಿಸಿತು. ಅಂದಾಜಿನ ಕೆಳಗಿನ ಮಿತಿ 64 ಸಾವಿರ, ಮೇಲಿನ ಮಿತಿ 1.9 ಲಕ್ಷ. ಅದೇ ನಾಲ್ಕು ವರ್ಷ ಸರ್ಕಾರಿ ಪಟ್ಟಿಯಲ್ಲಿ ದಾಖಲಾದ ಎಚ್1ಎನ್1 ಸಾವು 1,763, 75, 405 ಮತ್ತು 699. ನಾಲ್ಕನ್ನೂ ಕೂಡಿದರೂ ಮೂರು ಸಾವಿರ ಮುಟ್ಟುವುದಿಲ್ಲ. ಎರಡೂ ಒಂದೇ ವಸ್ತುವಿನ ಅಳತೆಗಳಲ್ಲ ಎಂಬುದು ನಿಜ. ಒಂದು, ಒಂದೇ ತಳಿಯ, ಪರೀಕ್ಷೆಯಾದ ಸಾವುಗಳ ಎಣಿಕೆ. ಇನ್ನೊಂದು, ಎಲ್ಲ ತಳಿಗಳ ನೇರ ಮತ್ತು ಪರೋಕ್ಷ ಸಾವಿನ ಅಂದಾಜು. ಆದರೂ ಅಂದಾಜಿನ ಕೆಳಮಿತಿಯನ್ನೇ ಹಿಡಿದರೂ ಈ ಅಂತರ ಕಣ್ಣಿಗೆ ರಾಚುತ್ತದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆಗೆ ಜಾಗವಿಲ್ಲ. ಜಾಗ ಕೊಡಬೇಕೋ ಬೇಡವೋ ಎಂಬ ಚರ್ಚೆ ಸಾವಿರದ ಸಂಖ್ಯೆ ಹಿಡಿದು ನಡೆದರೆ ಒಂದು ದಿಕ್ಕಿಗೆ ಹೋಗುತ್ತದೆ, ಲಕ್ಷದ ಸಂಖ್ಯೆ ಹಿಡಿದು ನಡೆದರೆ ಇನ್ನೊಂದು ದಿಕ್ಕಿಗೆ.

ಲೆಕ್ಕ ಸರಿಯಾಗಲು ಪ್ರತಿಯೊಬ್ಬ ಜ್ವರಪೀಡಿತನ ಮೂಗಿಗೂ ಕಡ್ಡಿ ಹಾಕಬೇಕೆಂದೇನೂ ಇಲ್ಲ. ಮುಂಗಾರಿನ ದಿನಗಳಲ್ಲಿ ಮಂಡ್ಯ, ಮೈಸೂರಿನ ಓದುಗರು ಪತ್ರಿಕೆ ಬಿಡಿಸಿ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು. ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಕಾವೇರಿಯ ಪ್ರತಿ ಹನಿಯನ್ನೂ ಯಾರೂ ಅಳೆದಿರುವುದಿಲ್ಲ. ಒಂದೇ ಜಾಗದಲ್ಲಿ, ಒಂದೇ ಬಗೆಯಲ್ಲಿ, ದಿನ ತಪ್ಪದೆ ಅಳೆದಿರುತ್ತಾರೆ. ನಾಲೆಗೆ ನೀರು ಬರುವುದೋ ಇಲ್ಲವೋ ರೈತನಿಗೆ ಅಷ್ಟರಲ್ಲೇ ತಿಳಿಯುತ್ತದೆ. ಆಯ್ದ ಆಸ್ಪತ್ರೆಗಳ ಸರ್ವೇಕ್ಷಣೆ ನಡೆಯುವುದೂ ಹೀಗೆಯೇ. ಹತ್ತು ದಿನದೊಳಗೆ ಶುರುವಾದ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಜ್ವರ ಮತ್ತು ಕೆಮ್ಮು ಇದ್ದರೆ ‘ಐಎಲ್‌ಐ’, ಅದಕ್ಕೆ ಆಸ್ಪತ್ರೆಗೆ ದಾಖಲಾಗಬೇಕಾದ ಸ್ಥಿತಿಯೂ ಸೇರಿದರೆ ‘ಸಾರಿ’. ಕೋವಿಡ್ ಕಾಲದಲ್ಲಿ ಕನ್ನಡ ಪತ್ರಿಕೆಗಳ ಓದುಗರಿಗೆಲ್ಲ ಪರಿಚಯವಾದ ಈ ಎರಡು ಪದಗಳ ಹಿಂದೆ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಿದೆ. ವ್ಯಾಖ್ಯೆ ಬದಲಾಗದಿದ್ದರೆ ಈ ವಾರವನ್ನು ಹೋದ ವಾರದ ಜೊತೆ, ಈ ವರ್ಷವನ್ನು ಹೋದ ವರ್ಷದ ಜೊತೆ ಹೋಲಿಸಬಹುದು.

ಹೋಲಿಕೆಗೆ ಹಳೆಯ ಅಂಕಿ ಇಲ್ಲದಾಗ ಏನಾಗುತ್ತದೆ ಎಂಬುದನ್ನು ಕರ್ನಾಟಕ ಎರಡು ಸಲ ಕಂಡಿದೆ. 2023ರ ಮಾರ್ಚ್ 1ರಂದು ಹಾಸನ ಜಿಲ್ಲೆಯ ಹಿರಿಯರೊಬ್ಬರು ತೀರಿಕೊಂಡರು. ಎಚ್3ಎನ್2 ಇದ್ದದ್ದು ಪರೀಕ್ಷೆಯಲ್ಲಿ ಖಚಿತವಾಗಿ, ಮಾರ್ಚ್ 10ರಂದು ಕೇಂದ್ರ ಸಚಿವಾಲಯ ಕರ್ನಾಟಕ ಮತ್ತು ಹರಿಯಾಣದಲ್ಲಿ ಒಂದೊಂದು ಸಾವನ್ನು ಪ್ರಕಟಿಸಿತು. ‘ದೇಶದ ಮೊದಲ ಎಚ್3ಎನ್2 ಸಾವು’ ಎಂದು ಸುದ್ದಿವಾಹಿನಿಗಳು ಕೂಗಿದವು. ಎಚ್3ಎನ್2 ಮನುಷ್ಯರಲ್ಲಿ ಸುತ್ತುತ್ತಿರುವುದು 1968ರಿಂದ. ಐದೂವರೆ ದಶಕದಲ್ಲಿ ಅದು ಭಾರತದಲ್ಲಿ ಯಾರನ್ನೂ ಕೊಂದಿರಲಿಲ್ಲವೆಂದು ನಂಬಲಾಗದು. ಹೆಸರಿಟ್ಟು ಪ್ರಕಟಿಸಿದ್ದು ಮಾತ್ರ ಹೊಸತು. 2025ರ ಜನವರಿ 6ರಂದು ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ಉಸಿರಾಟದ ವೈರಾಣು ಪತ್ತೆಯಾಯಿತೆಂದು ಐಸಿಎಂಆರ್ ತಿಳಿಸಿದಾಗಲೂ ಇದೇ ಕಥೆ. ಅದು ವಾಡಿಕೆಯ ಸರ್ವೇಕ್ಷಣೆಯಲ್ಲಿ ಸಿಕ್ಕ ವೈರಾಣು, 2001ರಲ್ಲೇ ನೆದರ್‌ಲೆಂಡ್ಸ್‌ನಲ್ಲಿ ಗುರುತಿಸಿದ್ದು, ದೇಶದಲ್ಲಿ ಮೊದಲಿನಿಂದಲೂ ಇರುವುದು. ಪ್ರಯೋಗಾಲಯ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಹಿಂದಿನ ಜನವರಿಗಳಲ್ಲಿ ಎಷ್ಟು ಸಿಕ್ಕಿತ್ತು ಎಂಬ ಅಂಕಿ ಅದೇ ಪ್ರಕಟಣೆಯಲ್ಲಿ ಇದ್ದಿದ್ದರೆ ಮಕ್ಕಳಿದ್ದ ಮನೆಗಳಲ್ಲಿ ಅಷ್ಟು ಗಾಬರಿ ಹುಟ್ಟುತ್ತಿರಲಿಲ್ಲ.

ಸಾಧನಗಳ ಕೊರತೆ ಇಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಬೆಂಗಳೂರಿನಲ್ಲಿ ಘಟಕವಿದೆ. 2009ರಲ್ಲಿ ನಿಮ್ಹಾನ್ಸ್ ಪ್ರಯೋಗಾಲಯವೂ ಎಚ್1ಎನ್1 ಪರೀಕ್ಷೆಗೆ ಹೆಗಲು ಕೊಟ್ಟಿತ್ತು. ರೋಗಮಾಹಿತಿಯನ್ನು ಕಂಪ್ಯೂಟರಿಗೆ ಏರಿಸುವ ಐಎಚ್‌ಐಪಿ ವೇದಿಕೆ 2018ರ ನವೆಂಬರ್‌ನಲ್ಲಿ ಪ್ರಯೋಗಕ್ಕೆ ಬಂದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಶಾ ಕಾರ್ಯಕರ್ತೆಯರಿಂದ ಜಿಲ್ಲಾ ಸರ್ವೇಕ್ಷಣಾಧಿಕಾರಿಯವರೆಗೆ ಮಾಹಿತಿ ಹರಿಯುವ ದಾರಿ ಸಿದ್ಧವಿದೆ. ಕಾಲದ ಒತ್ತಡ ಮಾತ್ರ ಹೆಚ್ಚಿದೆ. ಶೀತಪ್ರದೇಶಗಳಲ್ಲಿ ಫ್ಲೂಗೆ ಒಂದೇ ಋತು, ಚಳಿಗಾಲ. ಭಾರತದ ಬಹುಭಾಗದಲ್ಲಿ ಅದು ಮುಂಗಾರಿನಲ್ಲಿ ಒಮ್ಮೆ, ಜನವರಿ-ಮಾರ್ಚ್ ನಡುವೆ ಇನ್ನೊಮ್ಮೆ ಏರುತ್ತದೆ. ದೇಶದ ಹೆಚ್ಚಿನ ಕಡೆ ಲಸಿಕೆಯನ್ನು ಮಳೆಗೆ ಮೊದಲು, ಏಪ್ರಿಲ್-ಮೇನಲ್ಲಿ ಹಾಕುವುದು ಸೂಕ್ತವೆಂದು ತಜ್ಞರು ಕಂಡುಕೊಂಡದ್ದೇ ಇಂಥ ವಾರವಾರದ ಅಂಕಿಗಳಿಂದ.

ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದರೆ ಮಕ್ಕಳಿಂದ ಶುರುಮಾಡಬಹುದು. ಅಮೆರಿಕ ಮಾಡಿದ್ದು ಅದನ್ನೇ. 2003-04ರ ಋತುವಿನಲ್ಲಿ 153 ಮಕ್ಕಳು ಫ್ಲೂನಿಂದ ಸತ್ತದ್ದು ಬೆಳಕಿಗೆ ಬಂದ ಮೇಲೆ, 18 ವರ್ಷದೊಳಗಿನವರ ಪ್ರತಿ ಫ್ಲೂ ಸಾವನ್ನೂ ವರದಿ ಮಾಡಬೇಕೆಂದು 2004ರಲ್ಲಿ ನಿಯಮವಾಯಿತು. ದೊಡ್ಡವರ ಸಾವನ್ನು ಅಂದಾಜಿಸುವ ದೇಶ ಮಕ್ಕಳ ಸಾವನ್ನು ಒಂದೊಂದಾಗಿ ಎಣಿಸುತ್ತದೆ. ಆ ಎಣಿಕೆಗೂ ತಪ್ಪಿಸಿಕೊಳ್ಳುವವು ಇವೆ. 2017-18ರಲ್ಲಿ ವರದಿಯಾದದ್ದು 190ರ ಆಸುಪಾಸು, ಅಂದಾಜು 600. ಹಾಗಿದ್ದೂ ಏರಿಳಿತ ಸ್ಪಷ್ಟವಾಗಿ ಕಾಣುತ್ತದೆ. ಎಲ್ಲರೂ ಮಾಸ್ಕ್ ಧರಿಸಿ ಮನೆಯಲ್ಲಿದ್ದ 2020-21ರಲ್ಲಿ ಒಂದೇ ಒಂದು ಮಗು. 2024-25ರ ಋತುವಿಗೆ 2025ರ ಸೆಪ್ಟೆಂಬರ್ ವೇಳೆಗೆ 280 ಮಕ್ಕಳು. ಲಸಿಕೆ ಪಡೆಯಬಹುದಾದ ವಯಸ್ಸಿನವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಲಸಿಕೆ ಪೂರ್ತಿಯಾಗಿರಲಿಲ್ಲ. ಲಸಿಕೆಯ ಈ ಸಂಗತಿ ತಿಳಿದದ್ದು ಪ್ರತಿ ಮಗುವಿನ ಕಡತ ತೆರೆದು ನೋಡಿದ್ದರಿಂದ.

ಕರ್ನಾಟಕಕ್ಕೆ ಈ ಬಗೆಯ ಪರಿಶೀಲನೆ ಅಪರಿಚಿತವಲ್ಲ. ತಾಯಿ ಮರಣ ಸಂಭವಿಸಿದರೆ ಜಿಲ್ಲಾಧಿಕಾರಿಯ ಮಟ್ಟದವರೆಗೆ ಅದರ ವಿಚಾರಣೆ ನಡೆಯುತ್ತದೆ, ಶಿಶು ಮರಣಕ್ಕೂ ಮಾರ್ಗಸೂಚಿಯಿದೆ. ಜ್ವರ-ನ್ಯುಮೋನಿಯಾದಿಂದ ಮಗು ಸತ್ತಾಗ ಅದೇ ಸಭೆಯಲ್ಲಿ ಇನ್ನು ನಾಲ್ಕು ಪ್ರಶ್ನೆ ಕೇಳಿ ಬರೆದುಕೊಂಡರೆ ಸಾಕು. ಜ್ವರ ಶುರುವಾದ ಎಷ್ಟನೇ ದಿನ ಮಗುವನ್ನು ಆಸ್ಪತ್ರೆಗೆ ತಂದರು? ಗಂಟಲು ದ್ರವ ತೆಗೆದದ್ದು ಯಾವಾಗ, ವರದಿ ಬಂದದ್ದು ಯಾವಾಗ? ಮೊದಲ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲಕಾರಿಯಾದ ಒಸೆಲ್ಟಾಮಿವಿರ್ ಯಾವ ದಿನ ಸಿಕ್ಕಿತು? ಆ ವರ್ಷದ ಲಸಿಕೆ ಆಗಿತ್ತೇ?